ಕಂಪನಿಯ ಹೆಸರು ಸೇರಿಸಿ ಡೊಮೇನ್ ತಗೊಂಡೆ, ಈಗ ನೋಟಿಸ್ ಬಂದಿದೆ

ಪ್ರಶ್ನೆ: ಮೇಡಂ, ನಾನು ಹಳೆಯ ಫಿಲ್ಮ್ ಕ್ಯಾಮೆರಾ ರಿಪೇರಿ ಮಾಡುವವನು. ಹನ್ನೊಂದು ವರ್ಷದಿಂದ ಒಂದೇ ಕಂಪನಿಯ ಕ್ಯಾಮೆರಾಗಳನ್ನು ಬಿಚ್ಚಿ ಜೋಡಿಸುತ್ತಿದ್ದೇನೆ. ಬೇರೆಯದನ್ನು ಮುಟ್ಟುವುದಿಲ್ಲ. ಮೂರು ವರ್ಷದ ಹಿಂದೆ ಆ ಕಂಪನಿಯ ಹೆಸರಿಗೆ ‘ರಿಪೇರಿ’ ಅಂತ ಸೇರಿಸಿ ಡಾಟ್ ಕಾಮ್ ಡೊಮೇನ್ ತಗೊಂಡೆ. ಹುಡುಕುವವರಿಗೆ ಸುಲಭವಾಗಲಿ ಅಂತ, ಅಷ್ಟೇ. ಹೋದ ವಾರ ಕಂಪನಿಯ ವಕೀಲರಿಂದ ಇಮೇಲ್ ಬಂದಿದೆ. ಹತ್ತು ದಿನದಲ್ಲಿ ಡೊಮೇನ್ ಒಪ್ಪಿಸಬೇಕಂತೆ. ನಾನು ರಿಪೇರಿ ಮಾಡುವುದು ಅವರದೇ ಕ್ಯಾಮೆರಾ, ಸುಳ್ಳೇನೂ ಹೇಳಿಲ್ಲ. ಇದು ಹೇಗೆ ತಪ್ಪಾಗುತ್ತದೆ? ಬಿಟ್ಟುಕೊಡಲೇಬೇಕು ಅಂತಾದರೆ ಒಂದಿಷ್ಟು ಹಣ ಕೇಳಬಹುದಾ? ನನ್ನ ಪುಟದ ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದಕ್ಕೆ ಉತ್ತರ ನಿಮಗೆ ಇವತ್ತೇ ಗೊತ್ತಾಗಬೇಕು. ಹಣದ ಮಾತನ್ನು ಬರೆದು ಕಳಿಸಬೇಡಿ. ಫೋನಿನಲ್ಲೂ ಬೇಡ. ಕೋಪದಲ್ಲಂತೂ ಬೇಡವೇ ಬೇಡ.

ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಬ್ಬರು ಬಂದಿದ್ದರು. ಕೈಗಡಿಯಾರದ ಬೆಲ್ಟ್ ಮಾರುವವರು. ಅವರ ಡೊಮೇನ್‌ನಲ್ಲಿ ಒಂದು ಗಡಿಯಾರ ಕಂಪನಿಯ ಹೆಸರಿತ್ತು. ಒಳ್ಳೆಯ ಮನುಷ್ಯ. ಅವರ ಪುಟದಲ್ಲಿ ಮೋಸ ಅನ್ನುವಂಥದ್ದು ಏನೂ ಇರಲಿಲ್ಲ. ಆದರೆ ನನ್ನ ಹತ್ತಿರ ಬರುವ ಮುಂಚೆಯೇ, ನೋಟಿಸ್ ಬಂದ ರಾತ್ರಿಯೇ, ಮೂರು ಸಾಲಿನ ಉತ್ತರ ಕಳಿಸಿಬಿಟ್ಟಿದ್ದರು. ‘ಈ ಹೆಸರು ಬೆಳೆಸಲು ನಾಲ್ಕು ವರ್ಷ ಕಷ್ಟಪಟ್ಟಿದ್ದೇನೆ. ಸುಮ್ನೆ ಕೊಡುವುದಿಲ್ಲ. ಎಷ್ಟು ಕೊಡುತ್ತೀರಿ ಹೇಳಿ.’ ಆಮೇಲೆ ದೂರು ದಾಖಲಾಗಿ ಅದರ ಪ್ರತಿ ನನ್ನ ಮೇಜಿಗೆ ಬಂತು. ಲಗತ್ತುಗಳಲ್ಲಿ ಮೊದಲನೆಯದೇ ಆ ಇಮೇಲ್. ಮೂರನೇ ಸಾಲಿನ ಮೇಲೆ ಹಳದಿ ಬಣ್ಣ ಬಳಿದಿದ್ದರು. ನಾಲ್ಕು ವರ್ಷದ ವ್ಯಾಪಾರದ ದಾಖಲೆ ಎಲ್ಲ ಇಟ್ಟೆವು. ಆದರೂ ತೀರ್ಪಿನಲ್ಲಿ ಎದ್ದು ಕಂಡಿದ್ದು ಆ ಒಂದು ಸಾಲು. ಡೊಮೇನ್ ಹೋಯಿತು. ಅವತ್ತಿಂದ ಈ ವಿಷಯ ಕೇಳಿಕೊಂಡು ಬಂದ ಪ್ರತಿಯೊಬ್ಬರಿಗೂ ನಾನು ಮೊದಲು ಕೇಳುವುದು ಒಂದೇ: ‘ಏನಾದರೂ ಉತ್ತರ ಕಳಿಸಿಬಿಟ್ಟಿದ್ದೀರಾ?’

ಹಣಕ್ಕೆ ಇಷ್ಟು ತೂಕ ಯಾಕೆ ಅಂತ ಹೇಳುತ್ತೇನೆ. ನೀವು ಡಾಟ್ ಕಾಮ್ ಹೆಸರು ಕೊಂಡಾಗ ಉದ್ದದ ಷರತ್ತುಗಳಿಗೆ ಒಪ್ಪಿಗೆ ಒತ್ತಿದ್ದೀರಿ. ಯಾರೂ ಓದುವುದಿಲ್ಲ, ನನಗೆ ಗೊತ್ತು. ಅದರೊಳಗೆ ಯುಡಿಆರ್‌ಪಿ ಅನ್ನುವ, ಡೊಮೇನ್ ಹೆಸರಿನ ಜಗಳ ಬಗೆಹರಿಸುವ ನೀತಿ ಇದೆ. ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕಾನ್ ಸಂಸ್ಥೆ 1999ರಲ್ಲಿ ಅದನ್ನು ಜಾರಿಗೆ ತಂದಿತು. ಟ್ರೇಡ್‌ಮಾರ್ಕ್ ಇರುವವರು ಕೋರ್ಟಿಗೆ ಹೋಗದೆ, ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಅಂದರೆ ವೈಪೋದಂಥ ಕಡೆ ದೂರು ಕೊಡಬಹುದು. ಅಲ್ಲಿ ದುರುದ್ದೇಶಕ್ಕೆ ಕೊಟ್ಟಿರುವ ಉದಾಹರಣೆಗಳಲ್ಲಿ ಮೊದಲನೆಯದೇ ಇದು: ಖರ್ಚಿಗಿಂತ ಜಾಸ್ತಿ ಹಣಕ್ಕೆ ಕಂಪನಿಗೇ ಮಾರುವುದಕ್ಕೆಂದು ಹೆಸರು ತೆಗೆದುಕೊಳ್ಳುವುದು. ಆ ನೀತಿಯ ಕೆಳಗೆ ಬಂದ ಮೊಟ್ಟಮೊದಲ ಪ್ರಕರಣವೂ ಇಂಥದ್ದೇ. ವರ್ಲ್ಡ್ ರೆಸ್ಲಿಂಗ್ ಫೆಡರೇಶನ್ ಹೆಸರಿನ ಡೊಮೇನ್ ಅನ್ನು ಒಬ್ಬರು 1999ರಲ್ಲಿ ತೆಗೆದುಕೊಂಡು, ಮೂರೇ ದಿನಕ್ಕೆ ಆ ಕುಸ್ತಿ ಸಂಸ್ಥೆಗೇ ಬರೆದು 1,000 ಡಾಲರಿಗೆ ಮಾರುತ್ತೇನೆ ಅಂದರು. 2000ದ ಜನವರಿಯಲ್ಲಿ ತೀರ್ಪು ಬಂದು ಹೆಸರು ಸಂಸ್ಥೆಗೆ ಹೋಯಿತು. ಅದಕ್ಕೂ ಮುಂಚೆ ಅಮೆರಿಕದಲ್ಲಿ ಸಿನಿಮಾ ಕ್ಯಾಮೆರಾದ ಪ್ಯಾನಾವಿಷನ್ ಕಂಪನಿಯ ಹೆಸರನ್ನು ಒಬ್ಬರು ತೆಗೆದುಕೊಂಡು, ಪುಟದಲ್ಲಿ ಪ್ಯಾನಾ ಅನ್ನುವ ಊರಿನ ಫೋಟೋಗಳನ್ನು ಹಾಕಿದ್ದರು. ಫೋಟೋ ಅವರನ್ನು ಉಳಿಸಲಿಲ್ಲ. ಬಿಟ್ಟುಕೊಡಲು 13,000 ಡಾಲರ್ ಕೇಳಿ ಬರೆದಿದ್ದ ಪತ್ರ ಕಂಪನಿಯ ಕೈಯಲ್ಲಿತ್ತು. 1998ರಲ್ಲಿ ಮೇಲ್ಮನವಿ ಕೋರ್ಟಿನಲ್ಲೂ ಅವರು ಸೋತರು.

ನಿಮ್ಮ ವಿಷಯ ಇವರಂಥದ್ದಲ್ಲ, ಗೊತ್ತು. ನೀವು ಮಾರಲು ತೆಗೆದುಕೊಂಡವರಲ್ಲ. ಅದಕ್ಕೇ ಹೇಳುತ್ತಿರುವುದು, ಒಂದು ಸಾಲು ಬರೆದು ಅವರ ಸಾಲಿಗೆ ನೀವೇ ಹೋಗಿ ಕೂರಬೇಡಿ. ಡೊಮೇನ್ ಕೊಂಡ ಖರ್ಚು, ರಿನ್ಯೂ ಮಾಡಿಸಿದ ಖರ್ಚು, ಇವುಗಳ ರಸೀದಿ ಇಟ್ಟು ಅಷ್ಟನ್ನೇ ಕೇಳಿದರೆ ತಪ್ಪಿಲ್ಲ. ಅದನ್ನೂ ವಕೀಲರ ಮೂಲಕವೇ ಕೇಳಿ.

ಇನ್ನು ಮೊದಲ ಪ್ರಶ್ನೆ. ಸುಳ್ಳು ಹೇಳದಿದ್ದರೂ ಹೇಗೆ ತಪ್ಪಾಗುತ್ತದೆ?

ದೂರು ಕೊಟ್ಟವರು ಮೂರು ವಿಷಯ ತೋರಿಸಬೇಕು. ಡೊಮೇನ್ ತಮ್ಮ ಟ್ರೇಡ್‌ಮಾರ್ಕ್‌ನಂತೆಯೇ ಇದೆ, ಅಥವಾ ಗೊಂದಲವಾಗುವಷ್ಟು ಹೋಲುತ್ತದೆ. ಆ ಹೆಸರಿನ ಮೇಲೆ ನಿಮಗೆ ಹಕ್ಕಾಗಲಿ ನ್ಯಾಯವಾದ ಕಾರಣವಾಗಲಿ ಇಲ್ಲ. ನೀವು ಅದನ್ನು ತೆಗೆದುಕೊಂಡಿದ್ದೂ ಬಳಸುತ್ತಿರುವುದೂ ದುರುದ್ದೇಶದಿಂದ. ಮೂರೂ ಸಾಬೀತಾಗಬೇಕು. ಮೊದಲನೆಯದನ್ನು ಅವರು ಸುಲಭವಾಗಿ ತೋರಿಸುತ್ತಾರೆ. ಕಂಪನಿಯ ಹೆಸರು ಪೂರ್ತಿ ಕಾಣುತ್ತಿದ್ದರೆ, ಪಕ್ಕದಲ್ಲಿ ‘ರಿಪೇರಿ’ ಇದ್ದ ಮಾತ್ರಕ್ಕೆ ಬೇರೆ ಹೆಸರು ಅಂತ ಯಾರೂ ಒಪ್ಪುವುದಿಲ್ಲ. ಉಳಿದೆರಡರಲ್ಲಿ ನಿಮ್ಮ ಹತ್ತಿರ ಮಾತಿದೆ.

ನಿಮ್ಮಂಥವರಿಗೆ ಆಸರೆಯಾಗಿರುವುದು 2001ರ ಓಕಿ ಡೇಟಾ ತೀರ್ಪು. ಓಕಿ ಡೇಟಾ ಪ್ರಿಂಟರ್ ಕಂಪನಿ. ಅದರ ಪ್ರಿಂಟರ್‌ಗಳನ್ನು ರಿಪೇರಿ ಮಾಡುವ, ಬಿಡಿಭಾಗ ಮಾರುವ ಒಂದು ಸಂಸ್ಥೆ ‘ಓಕಿಡೇಟಾಪಾರ್ಟ್ಸ್’ ಅಂತ ಡಾಟ್ ಕಾಮ್ ಹೆಸರು ತೆಗೆದುಕೊಂಡಿತ್ತು. ಕಂಪನಿ ದೂರು ಕೊಟ್ಟು ಸೋತಿತು. ಹೆಸರು ರಿಪೇರಿಯವರ ಹತ್ತಿರವೇ ಉಳಿಯಿತು. ಆ ಸಂಸ್ಥೆಗೆ ಕಂಪನಿಯ ಅನುಮತಿ ಇತ್ತು, ಇದು ನೆನಪಿರಲಿ. ಆದರೆ ಆಮೇಲೆ ಅನುಮತಿ ಇಲ್ಲದ ರಿಪೇರಿಯವರಿಗೂ ಅದೇ ಅಳತೆಗೋಲು ಹಿಡಿದು ನೋಡಿದ್ದಾರೆ. ಅಳತೆ ಹೀಗಿದೆ. ಆ ಕೆಲಸ ನಿಜವಾಗಿ ನಡೆಯುತ್ತಿರಬೇಕು. ಪುಟದಲ್ಲಿ ಆ ಕಂಪನಿಯ ಸಾಮಾನಿಗೆ ಸಂಬಂಧಪಟ್ಟದ್ದು ಮಾತ್ರ ಇರಬೇಕು, ಆ ಹೆಸರು ತೋರಿಸಿ ಕರೆದು ಬೇರೆಯದನ್ನು ಮಾರಬಾರದು. ಕಂಪನಿಗೂ ನಿಮಗೂ ಏನು ಸಂಬಂಧ, ಅಥವಾ ಸಂಬಂಧ ಇಲ್ಲ ಅನ್ನುವುದನ್ನು ಸರಿಯಾಗಿ ಹೇಳಿರಬೇಕು. ಕಂಪನಿಗೆ ಜಾಗವೇ ಉಳಿಯದಂತೆ ಆ ಹೆಸರಿನ ಡೊಮೇನ್‌ಗಳನ್ನೆಲ್ಲ ಬಾಚಿಕೊಂಡಿರಬಾರದು.

ಈಗ ನಿಮ್ಮ ಸ್ಕ್ರೀನ್‌ಶಾಟ್. ಎರಡು ಸಲ ದೊಡ್ಡದು ಮಾಡಿ ನೋಡಿದೆ. ಎಡಗಡೆ ಮೇಲೆ ಕಂಪನಿಯ ಲೋಗೋ ಇದೆ, ಅವರ ಬಣ್ಣದಲ್ಲೇ. ಅದರ ಪಕ್ಕ ದಪ್ಪ ಅಕ್ಷರದಲ್ಲಿ ‘ಸರ್ವಿಸ್ ಸೆಂಟರ್’. ನಿಮ್ಮ ಹೆಸರು ಎಲ್ಲಿದೆ ಅಂತ ಹುಡುಕಿದೆ. ಮುಖಪುಟದಲ್ಲಿ ಸಿಗಲಿಲ್ಲ. ಬಲಗಡೆ ಕ್ಯಾಮೆರಾ ಬೆಲ್ಟ್, ಬ್ಯಾಟರಿ, ಲೆನ್ಸ್ ಮುಚ್ಚಳ ಮಾರಾಟಕ್ಕಿವೆ. ಅದರಲ್ಲಿ ಎರಡು ಬೇರೆ ಕಂಪನಿಯವು. ಪುಟದ ಕೊನೆಯಲ್ಲಿ, ಬೂದು ಬಣ್ಣದ ಮೇಲೆ ಬೂದು ಅಕ್ಷರದಲ್ಲಿ, ‘ಮೂಲ ಕಂಪನಿಯೊಂದಿಗೆ ಸಂಬಂಧವಿಲ್ಲ’ ಅಂತ ಒಂದು ಸಾಲು ಇದೆ. ಇರುವುದು ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ.

ನಿಮ್ಮ ಮನಸ್ಸಿನಲ್ಲಿ ಮೋಸ ಇರಲಿಲ್ಲ ಅಂತ ನಾನು ನಂಬುತ್ತೇನೆ. ಆದರೆ ಅಜ್ಜನ ಕ್ಯಾಮೆರಾ ಹಿಡಿದುಕೊಂಡು ನಿಮ್ಮ ಪುಟಕ್ಕೆ ಬರುವ ಒಬ್ಬ ಹುಡುಗಿಯನ್ನು ನೆನೆದು ನೋಡಿ. ಲೋಗೋ ನೋಡುತ್ತಾಳೆ, ‘ಸರ್ವಿಸ್ ಸೆಂಟರ್’ ಓದುತ್ತಾಳೆ, ಕಂಪನಿಗೇ ಕಳಿಸುತ್ತಿದ್ದೇನೆ ಅಂದುಕೊಂಡು ಕ್ಯಾಮೆರಾ ಕಳಿಸುತ್ತಾಳೆ. ತೀರ್ಪು ಕೊಡುವವರು ನೋಡುವುದು ಅವಳ ಕಣ್ಣಿನಿಂದ. ನಿಮ್ಮ ಕಣ್ಣಿನಿಂದ ಅಲ್ಲ. ಡೊಮೇನ್‌ನಲ್ಲಿ ಹೆಸರು ಇರುವುದಕ್ಕಿಂತ, ಈ ಪುಟ ಅವರ ಮುಖ ಹಾಕಿಕೊಂಡಿರುವುದೇ ನಿಮಗೆ ಜಾಸ್ತಿ ಅಪಾಯ.

ಕೊನೆಯ ಆ ಬೂದು ಸಾಲು ಕಾಪಾಡುತ್ತದೆ ಅಂತ ನಂಬಿ ಕೂರಬೇಡಿ. 1999ರಲ್ಲಿ ದೆಹಲಿ ಹೈಕೋರ್ಟಿಗೆ ಯಾಹೂ ಕಂಪನಿ ಬಂದಿತ್ತು, ಬೇರೆಯವರು ‘ಯಾಹೂಇಂಡಿಯಾ’ ಅಂತ ಡೊಮೇನ್ ನಡೆಸುತ್ತಿದ್ದಾರೆ ಅಂತ. ಸಂಬಂಧವಿಲ್ಲ ಅಂತ ಬರೆದಿದ್ದೇವಲ್ಲ ಅನ್ನುವ ವಾದವನ್ನು ಕೋರ್ಟು ಒಪ್ಪಲಿಲ್ಲ. ಹಾಗಂತ ಆ ಮಾತಿಗೆ ಬೆಲೆಯೇ ಇಲ್ಲ ಅಂತಲೂ ಅಲ್ಲ. 2010ರಲ್ಲಿ ಅಮೆರಿಕದ ಒಂದು ಮೇಲ್ಮನವಿ ಕೋರ್ಟು, ಲೆಕ್ಸಸ್ ಕಾರು ಕೊಡಿಸುವ ದಲ್ಲಾಳಿ ದಂಪತಿಯ ಪ್ರಕರಣ ಕೇಳಿತು. ಅವರ ಡೊಮೇನ್‌ಗಳಲ್ಲಿ ಲೆಕ್ಸಸ್ ಹೆಸರಿತ್ತು. ಮೊದಲು ಲೋಗೋ, ಕಂಪನಿಯ ಫೋಟೋ ಎಲ್ಲ ಹಾಕಿದ್ದವರು ಆಮೇಲೆ ಅವನ್ನು ತೆಗೆದು, ತಾವು ಕಂಪನಿಯವರಲ್ಲ ಅಂತ ದೊಡ್ಡದಾಗಿ ಬರೆದಿದ್ದರು. ಲೆಕ್ಸಸ್ ಹೆಸರಿರುವ ಯಾವ ಡೊಮೇನನ್ನೂ ಅವರು ಬಳಸಲೇಬಾರದು ಅನ್ನುವ ಕೆಳಗಿನ ಕೋರ್ಟಿನ ಆದೇಶ ತೀರಾ ಅಗಲವಾಯಿತು ಅಂತ ಮೇಲಿನ ಕೋರ್ಟು ಅದನ್ನು ತೆಗೆದುಹಾಕಿತು. ‘ಅಧಿಕೃತ’ ಅಂತ ಸೇರಿಸಿದ ಹೆಸರಾದರೆ ಮಾತು ಬೇರೆ ಅಂತಲೂ ಹೇಳಿತು.

ಹಾಗಾಗಿ ಈ ವಾರ ಮಾಡಬೇಕಾದ್ದು ಇಷ್ಟು. ಮೊದಲು ಈಗಿನ ಪುಟದ ಪ್ರತಿ, ತಾರೀಖು ಸಮೇತ, ಜೋಪಾನವಾಗಿ ತೆಗೆದಿಡಿ. ಮುಚ್ಚಿಡುವುದಕ್ಕೆ ಹೋಗಬೇಡಿ, ಹಳೆಯ ಪುಟಗಳ ನಕಲು ಇಂಟರ್ನೆಟ್‌ನಲ್ಲಿ ಬೇರೆ ಕಡೆ ಉಳಿದಿರುತ್ತದೆ. ಆಮೇಲೆ ಲೋಗೋ ತೆಗೆಯಿರಿ. ‘ಸರ್ವಿಸ್ ಸೆಂಟರ್’ ತೆಗೆಯಿರಿ. ಬೇರೆ ಕಂಪನಿಯ ಸಾಮಾನು ತೆಗೆಯಿರಿ. ನಿಮ್ಮ ಹೆಸರನ್ನು ಎಲ್ಲಕ್ಕಿಂತ ಮೇಲೆ ಹಾಕಿ, ಅದರ ಕೆಳಗೇ ‘ನಾನು ಸ್ವತಂತ್ರ ರಿಪೇರಿಗಾರ, ಕಂಪನಿಗೂ ನನಗೂ ಸಂಬಂಧವಿಲ್ಲ’ ಅಂತ ಕಾಣುವ ಹಾಗೆ ಬರೆಯಿರಿ. ನೋಟಿಸ್ ಬಂದ ಮೇಲೆ ಮಾಡಿದ ಬದಲಾವಣೆ ಹಿಂದಿನ ಮೂರು ವರ್ಷವನ್ನು ಅಳಿಸುವುದಿಲ್ಲ. ಆದರೆ ಇವತ್ತಿಂದ ಆಗುವ ಗೊಂದಲ ನಿಲ್ಲುತ್ತದೆ, ಮಾತುಕತೆಯಲ್ಲಿ ನಿಮಗೆ ನಿಲ್ಲಲು ಜಾಗ ಸಿಗುತ್ತದೆ. ಗಾಬರಿಯಲ್ಲಿ ಡೊಮೇನನ್ನು ಭಾವನ ಹೆಸರಿಗೋ ಸ್ನೇಹಿತನ ಹೆಸರಿಗೋ ವರ್ಗಾಯಿಸಬೇಡಿ. ಓಡಿಹೋಗುತ್ತಿದ್ದಾರೆ ಅಂತಲೇ ಅದನ್ನು ಓದುತ್ತಾರೆ.

ಉತ್ತರ ಕೊಡದೆ ಸುಮ್ಮನಿರುವುದೂ ಬೇಡ. ವಕೀಲರು ಬರೆದ ಹತ್ತು ದಿನ ಅವರೇ ಹಾಕಿಕೊಂಡ ಗಡುವು, ಕಾನೂನಿನದ್ದಲ್ಲ. ಆದರೆ ಯುಡಿಆರ್‌ಪಿ ದೂರು ಶುರುವಾದರೆ ಉತ್ತರಕ್ಕೆ ಸಿಗುವುದು 20 ದಿನ. ಕೇಳಿಕೊಂಡರೆ ಇನ್ನು ನಾಲ್ಕು ದಿನ. ಅಷ್ಟರಲ್ಲಿ ರಿಜಿಸ್ಟ್ರಾರ್, ಅಂದರೆ ನಿಮಗೆ ಡೊಮೇನ್ ನೋಂದಾಯಿಸಿಕೊಟ್ಟ ಸಂಸ್ಥೆಯವರು, ಅದು ಬೇರೆಯವರ ಹೆಸರಿಗೆ ಹೋಗದಂತೆ ಬೀಗ ಹಾಕಿರುತ್ತಾರೆ. ತೀರ್ಪು ನಿಮ್ಮ ವಿರುದ್ಧ ಬಂದರೆ, ಹತ್ತು ಕೆಲಸದ ದಿನಗಳೊಳಗೆ ನೀವು ಕೋರ್ಟಿಗೆ ಹೋಗದಿದ್ದರೆ ಹೆಸರು ವರ್ಗವಾಗುತ್ತದೆ. ಈ ದಾರಿಯಲ್ಲಿ ಹೋಗುವುದು ಹೆಸರು ಮಾತ್ರ. ದಂಡ ಇಲ್ಲ, ಪರಿಹಾರ ಇಲ್ಲ. ದೂರಿನ ಶುಲ್ಕ, ವೈಪೋದಲ್ಲಿ ಒಬ್ಬರೇ ತೀರ್ಪುಗಾರರಾದರೆ 1,500 ಡಾಲರ್, ಅದನ್ನು ಕಟ್ಟುವವರು ದೂರು ಕೊಟ್ಟವರು. ಕೋರ್ಟಿನ ದಾರಿ ಹಾಗಲ್ಲ. ಅಲ್ಲಿ ತಡೆಯಾಜ್ಞೆ, ನಷ್ಟ ಪರಿಹಾರ, ಎದುರಿನವರ ವಕೀಲರ ಖರ್ಚು ಎಲ್ಲ ಬರಬಹುದು. ಬೇರೆಯವರ ಹೆಸರಿನ ಡೊಮೇನ್ ಕಬಳಿಸುವುದನ್ನು ತಡೆಯುವ ಅಮೆರಿಕದ 1999ರ ಕಾಯಿದೆಯಲ್ಲಿ ದುರುದ್ದೇಶ ಸಾಬೀತಾದರೆ ಒಂದೊಂದು ಡೊಮೇನಿಗೆ 1,000ದಿಂದ 1,00,000 ಡಾಲರ್ ತನಕ ಹಾಕಬಹುದು. ದೊಡ್ಡ ಕಂಪನಿಗೆ ಎರಡೂ ದಾರಿ ತೆರೆದಿವೆ ಅನ್ನುವುದು ತಲೆಯಲ್ಲಿರಲಿ.

ನನ್ನ ಸಲಹೆ ಕೇಳಿದರೆ, ಹೋರಾಡುವ ಬದಲು ನಿಮ್ಮದೇ ಹೆಸರಿನಲ್ಲಿ ಹೊಸ ಡೊಮೇನ್ ತಗೊಳ್ಳಿ. ಹಳೆಯದನ್ನು ಒಪ್ಪಿಸಲು ಮೂರು ತಿಂಗಳ ಸಮಯ ಕೇಳಿ. ಅಷ್ಟು ದಿನ ಹಳೆಯ ವಿಳಾಸಕ್ಕೆ ಬಂದವರು ಹೊಸದಕ್ಕೆ ಹೋಗುವಂತೆ ಬಿಡಿ ಅಂತ ಕೇಳಿ. ಮರ್ಯಾದೆಯಿಂದ ಕೇಳಿದರೆ ಬಹಳ ಸಲ ಒಪ್ಪುತ್ತಾರೆ. ಸ್ಕ್ರೀನ್‌ಶಾಟ್ ಇಷ್ಟು ಹದಗೆಟ್ಟಿರದಿದ್ದರೆ ನಾನು ‘ನಿಲ್ಲಿ, ವಾದ ಮಾಡೋಣ’ ಅನ್ನುತ್ತಿದ್ದೆನೇನೋ.

ಒಂದು ವಿಷಯದಲ್ಲಿ ಮಾತ್ರ ಹಿಂದೆ ಸರಿಯಬೇಡಿ. ಅವರು ಒಂದು ಒಪ್ಪಂದದ ಪತ್ರ ಕಳಿಸುತ್ತಾರೆ, ಸಹಿ ಹಾಕಿ ಅಂತ. ಅದನ್ನು ಸಾಲು ಸಾಲು ಓದಿ. ‘ಮುಂದೆ ಯಾವ ರೀತಿಯಲ್ಲೂ ಈ ಹೆಸರನ್ನು ಬಳಸುವುದಿಲ್ಲ’ ಅನ್ನುವ ಸಾಲು ಬಹುಮಟ್ಟಿಗೆ ಇದ್ದೇ ಇರುತ್ತದೆ. ಅದಕ್ಕೆ ಹಾಗೇ ಸಹಿ ಹಾಕಿದರೆ, ನಾಳೆ ನಿಮ್ಮ ಸ್ವಂತ ಪುಟದ ಒಳಗೆ ‘ಇಂಥ ಕಂಪನಿಯ ಕ್ಯಾಮೆರಾ ರಿಪೇರಿ ಮಾಡುತ್ತೇನೆ’ ಅಂತ ಬರೆಯುವುದಕ್ಕೂ ಆಗುವುದಿಲ್ಲ. ನೀವು ಯಾವ ಕ್ಯಾಮೆರಾ ರಿಪೇರಿ ಮಾಡುತ್ತೀರಿ ಅನ್ನುವುದನ್ನು ಆ ಹೆಸರು ಹೇಳದೆ ಹೇಳುವುದು ಹೇಗೆ? ಅಷ್ಟು ಬಳಕೆಗೆ ಬಹಳ ದೇಶಗಳ ಕಾನೂನಿನಲ್ಲಿ ಜಾಗ ಇದೆ. ಆ ಸಾಲಿಗೆ ‘ಡೊಮೇನ್ ಹೆಸರಿನಲ್ಲಿ ಮತ್ತು ಲೋಗೋ ರೂಪದಲ್ಲಿ’ ಅಂತ ಸೇರಿಸಿ ಅಂತ ಕೇಳಿ. ಡೊಮೇನ್ ಹೋದರೂ ಕಸುಬು ನಡೆಯುತ್ತದೆ. ಈ ಸಾಲಿಗೆ ಸಹಿ ಬಿದ್ದರೆ ಹನ್ನೊಂದು ವರ್ಷದ ಕಸುಬಿನ ಬಾಯಿ ಕಟ್ಟಿದ ಹಾಗೆ.

ಪ್ರಶ್ನೆ: ನಮ್ಮ ಮನೆತನದ ಹೆಸರೂ ಒಂದು ಹೆಸರಾಂತ ಬಟ್ಟೆ ಕಂಪನಿಯ ಹೆಸರೂ ಒಂದೇ. ನಾನು ಅನುವಾದಕಿ. ನನ್ನ ಹೆಸರಿನಲ್ಲಿ ನಾನು ಡೊಮೇನ್ ತೆಗೆದುಕೊಳ್ಳುವುದನ್ನೂ ತಡೆಯುತ್ತಾರಾ?

ಉತ್ತರ: ಜನ ನಿಮ್ಮನ್ನು ಆ ಹೆಸರಿನಿಂದಲೇ ಕರೆಯುತ್ತಾರೆ ಅನ್ನುವುದು ಒಳ್ಳೆಯ ರಕ್ಷಣೆ. ಯುಡಿಆರ್‌ಪಿ ನೀತಿಯಲ್ಲೇ ಅದನ್ನು ಬರೆದಿದೆ. ಆದರೆ ಆ ಹೆಸರಿನ ಕೆಳಗೆ ಏನು ಇಡುತ್ತೀರಿ ಅನ್ನುವುದರಲ್ಲಿ ಹುಷಾರಾಗಿರಿ.

ನಿಸ್ಸಾನ್ ಡಾಟ್ ಕಾಮ್ ಕಥೆ ಕೇಳಿ. ನಿಸ್ಸಾನ್ ಅನ್ನುವುದೇ ಮನೆತನದ ಹೆಸರಾಗಿದ್ದ ಒಬ್ಬರು ಅಮೆರಿಕದಲ್ಲಿ ಕಂಪ್ಯೂಟರ್ ವ್ಯಾಪಾರ ಮಾಡುತ್ತಿದ್ದರು. 1994ರಲ್ಲೇ ಆ ಡೊಮೇನ್ ತಗೊಂಡರು. 1999ರ ಕೊನೆಗೆ ಕಾರು ಕಂಪನಿ ಅವರ ಮೇಲೆ ದಾವೆ ಹಾಕಿತು, ಕೇಳಿದ್ದು 1 ಕೋಟಿ ಡಾಲರ್. ವರ್ಷಗಟ್ಟಲೆ ನಡೆಯಿತು. ಕೊನೆಗೆ ಹೆಸರು ಅವರ ಹತ್ತಿರವೇ ಉಳಿಯಿತು. ಆದರೆ ಅವರ ಪುಟದಲ್ಲಿ ಸ್ವಲ್ಪ ದಿನ ಕಾರಿನ ಜಾಹೀರಾತುಗಳು ಇದ್ದವು. ಅದೊಂದು ವಿಷಯದಲ್ಲಿ ಕೋರ್ಟು ಕಂಪನಿಯ ಪರ ನಿಂತಿತು. ಕಂಪ್ಯೂಟರ್ ಮಾರುವ ನಿಸ್ಸಾನ್ ಸರಿ, ಕಾರಿನ ಕಡೆ ಕೈ ತೋರಿಸುವ ನಿಸ್ಸಾನ್ ಸರಿಯಲ್ಲ ಅಂತ.

ನೀವೂ ಹಾಗೆಯೇ. ಅನುವಾದ ಮಾತ್ರ ಇರಲಿ, ಬಟ್ಟೆಯ ಜಾಹೀರಾತು ಒಂದೂ ಬೇಡ. ಆದರೆ ಬರೀ ಮನೆತನದ ಹೆಸರಿನ ಬದಲು ನಿಮ್ಮ ಪೂರ್ತಿ ಹೆಸರು, ಅಥವಾ ಹೆಸರಿನ ಜೊತೆ ‘ಅನುವಾದ’ ಅಂತ ಸೇರಿಸಿ ತಗೊಂಡರೆ ನಿಮಗೇ ನೆಮ್ಮದಿ. ಗೆಲ್ಲುವ ದಾವೆಯೂ ವರ್ಷಗಳನ್ನು ತಿನ್ನುತ್ತದೆ ಅಲ್ವಾ.

ಪ್ರಶ್ನೆ: ಒಂದು ಕಂಪನಿಯ ವಾಷಿಂಗ್ ಮೆಷಿನ್ ಕೊಂಡು ಮೋಸ ಹೋದೆ. ಅವರದೇ ಹೆಸರಿನ ಡಾಟ್ ನೆಟ್ ಖಾಲಿ ಇದೆ. ಅದರಲ್ಲಿ ನನ್ನ ಅನುಭವ ಬರೆಯಬಹುದಾ?

ಉತ್ತರ: ಬರೆಯಿರಿ, ಆದರೆ ಆ ಹೆಸರಿನಲ್ಲಿ ಬೇಡ. ಟೀಕೆ ಮಾಡುವ ಹಕ್ಕು ನಿಮ್ಮದು. ಕಂಪನಿಯ ವೇಷದಲ್ಲಿ ಜನರನ್ನು ಒಳಗೆ ಕರೆದು ಆಮೇಲೆ ಟೀಕೆ ಓದಿಸುವುದನ್ನು ಯುಡಿಆರ್‌ಪಿ ತೀರ್ಪುಗಾರರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೆಸರಿನಲ್ಲೇ ‘ದೂರು’ ಅನ್ನುವಂಥ ಮಾತು ಇದ್ದರೆ ನೋಡಿದವರಿಗೆ ಗೊಂದಲವಾಗುವುದಿಲ್ಲ, ನಿಮ್ಮ ಕಾಲೂ ಗಟ್ಟಿಯಾಗಿರುತ್ತದೆ. ಪುಟದಲ್ಲಿ ಜಾಹೀರಾತು ಹಾಕಿ ಹಣ ಮಾಡಬೇಡಿ. ‘ಇಷ್ಟು ಕೊಟ್ಟರೆ ಅಳಿಸುತ್ತೇನೆ’ ಅಂತ ಒಂದೇ ಒಂದು ಸಲವೂ ಬರೆಯಬೇಡಿ. ಬರೆಯುವುದೆಲ್ಲ ನಡೆದದ್ದೇ ಆಗಿರಲಿ, ಬಿಲ್ಲು ರಸೀದಿ ಇಟ್ಟುಕೊಳ್ಳಿ. ಮಾನನಷ್ಟದ ಕಾನೂನು ಬೇರೆಯೇ ಇದೆ.

ಪ್ರಶ್ನೆ: ಒಂದು ಬ್ರ್ಯಾಂಡ್‌ನ ಹೆಸರಿನ ಡೊಮೇನ್ ತೆಗೆದು ಸುಮ್ನೆ ಇಟ್ಟಿದ್ದೇನೆ. ಪುಟವನ್ನೇ ಮಾಡಿಲ್ಲ. ಬಳಸದೆ ಇದ್ದರೆ ತಪ್ಪೇನು?

ಉತ್ತರ: 2000ದಲ್ಲಿ ಬಂದ ಟೆಲ್‌ಸ್ಟ್ರಾ ತೀರ್ಪು ನಿಮ್ಮಂಥವರಿಗೇ. ಆಸ್ಟ್ರೇಲಿಯಾದ ಟೆಲಿಫೋನ್ ಕಂಪನಿಯ ಹೆಸರನ್ನು ಯಾರೋ ಹೀಗೇ ತೆಗೆದು ಖಾಲಿ ಇಟ್ಟಿದ್ದರು. ಅಷ್ಟು ಹೆಸರಾದ ಗುರುತನ್ನು ಬೇರೆಯವರು ನ್ಯಾಯವಾಗಿ ಬಳಸುವ ದಾರಿಯೇ ಕಾಣದಿದ್ದಾಗ, ಸುಮ್ಮನೆ ಹಿಡಿದಿಡುವುದೂ ದುರುದ್ದೇಶದ ಬಳಕೆ ಆಗಬಹುದು ಅಂದರು.

ಇನ್ನೊಂದು. ನಿಮ್ಮ ಡೊಮೇನ್ ಅನ್ನು ಬ್ರೌಸರ್‌ನಲ್ಲಿ ತೆರೆದು ನೋಡಿದ್ದೀರಾ? ಖಾಲಿ ಇದೆ ಅಂತ ಒಬ್ಬರು ನನ್ನ ಎದುರು ಗಟ್ಟಿಯಾಗಿ ಹೇಳಿದರು. ಅಲ್ಲೇ ತೆರೆದೆ. ರಿಜಿಸ್ಟ್ರಾರ್ ತಾನಾಗಿಯೇ ಹಾಕಿದ ಪಾರ್ಕಿಂಗ್ ಪುಟ ಬಂತು. ಅದರ ತುಂಬ ಆ ಬ್ರ್ಯಾಂಡ್‌ನ ಎದುರಾಳಿಗಳ ಜಾಹೀರಾತು. ಅವರಿಗೆ ಒಂದು ಕಾಸೂ ಬರುತ್ತಿರಲಿಲ್ಲ. ಆದರೂ ಡೊಮೇನ್ ನಿಮ್ಮದಾದ ಮೇಲೆ ಅಲ್ಲಿ ಕಾಣುವುದಕ್ಕೆ ಜವಾಬು ನಿಮ್ಮದೇ. ಆ ಪಾರ್ಕಿಂಗ್ ಇವತ್ತೇ ತೆಗೆಸಿ. ಡೊಮೇನ್ ಬೇಕಾಗಿಲ್ಲ ಅಂದರೆ ರಿನ್ಯೂ ಮಾಡಬೇಡಿ.

ಪ್ರಶ್ನೆ: ನನ್ನದು ಉಲ್ಟಾ ಕಥೆ. ಒಂಬತ್ತು ವರ್ಷದಿಂದ ಒಂದು ಹೆಸರಿನಲ್ಲಿ ಆನ್‌ಲೈನ್ ಸಂಗೀತ ಪಾಠ ಹೇಳುತ್ತಿದ್ದೇನೆ. ಟ್ರೇಡ್‌ಮಾರ್ಕ್ ನೋಂದಣಿ ಮಾಡಿಸಿಲ್ಲ. ಈಗ ಯಾರೋ ಒಂದಕ್ಷರ ಬದಲಿಸಿ ಅದೇ ಹೆಸರಿನ ಡೊಮೇನ್ ತಗೊಂಡು ಪಾಠ ಶುರು ಮಾಡಿದ್ದಾರೆ. ನನಗೆ ಏನಾದರೂ ಹಕ್ಕಿದೆಯಾ?

ಉತ್ತರ: ಇದೆ. ನೋಂದಣಿ ಇಲ್ಲ ಅಂತ ಕೈಚೆಲ್ಲಬೇಡಿ. ಆ ಹೆಸರು ಕೇಳಿದರೆ ಜನರಿಗೆ ನೀವೇ ನೆನಪಾಗುತ್ತೀರಿ ಅಂತ ತೋರಿಸಿದರೆ ಯುಡಿಆರ್‌ಪಿಯಲ್ಲೂ ನಡೆಯುತ್ತದೆ, ಬಹಳ ದೇಶಗಳ ಕೋರ್ಟಿನಲ್ಲೂ ನಡೆಯುತ್ತದೆ. ಭಾರತದ ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ, ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕ್‌ನ ಗುಣಗಳು ಇರಬಹುದು, ತಮ್ಮ ಸಾಮಾನನ್ನೋ ಸೇವೆಯನ್ನೋ ಬೇರೆಯವರದ್ದು ಅನ್ನುವಂತೆ ದಾಟಿಸುವವರ ಮೇಲೆ ಹಾಕುವ ‘ಪಾಸಿಂಗ್ ಆಫ್’ ದಾವೆ ಹಾಕಬಹುದು ಅಂತ ಹೇಳಿತು. ಅಲ್ಲಿ ಜಗಳ ‘ಸಿಫಿ’ ಅನ್ನುವ ಹೆಸರಿಗೆ. ಎದುರಿನವರು ಇನ್ನೊಂದು ‘ಫ’ ಸೇರಿಸಿಕೊಂಡು ‘ಸಿಫ್ಫಿನೆಟ್’ ಅಂದಿದ್ದರು. ನಿಮ್ಮ ಹಾಗೆಯೇ, ಒಂದಕ್ಷರದ ವ್ಯತ್ಯಾಸ.

ನಿಮ್ಮ ಕೆಲಸ ಈಗ ಪುರಾವೆ ಕೂಡಿಸುವುದು. ಮೊದಲ ವರ್ಷದ ಇಮೇಲ್‌ಗಳು, ಫೀಸಿನ ರಸೀದಿ, ಹಳೆಯ ಕರಪತ್ರ, ಎಲ್ಲ ತಾರೀಖಿನ ಪ್ರಕಾರ ಜೋಡಿಸಿ. ಅವರ ಡೊಮೇನ್ ಯಾವತ್ತು ನೋಂದಣಿಯಾಯಿತು ಅಂತ ತೆಗೆದು ಪ್ರಿಂಟ್ ಮಾಡಿಡಿ, ನಿಮ್ಮ ತಾರೀಖು ಅದಕ್ಕಿಂತ ಹಿಂದಿನದು ಅನ್ನುವುದೇ ನಿಮ್ಮ ಬಲ. ಶಿಷ್ಯರು ಯಾರಾದರೂ ತಪ್ಪಿ ಅಲ್ಲಿಗೆ ಹೋಗಿ ದುಡ್ಡು ಕಟ್ಟಿದ್ದರೆ ಅವರ ಮೆಸೇಜು ಉಳಿಸಿಕೊಳ್ಳಿ. ನಿಮ್ಮ ಹೆಸರಿನ ಟ್ರೇಡ್‌ಮಾರ್ಕ್ ಅರ್ಜಿಯನ್ನು ಇನ್ನು ತಡ ಮಾಡದೆ ಹಾಕಿ. ಇದೆಲ್ಲ ಆದಮೇಲೆ ಅವರಿಗೆ ಒಂದು ಪತ್ರ. ಆ ಪತ್ರದಲ್ಲಿ ‘ಎಷ್ಟಕ್ಕೆ ಕೊಡುತ್ತೀರಿ’ ಅಂತ ನೀವಾಗಿ ಕೇಳಬೇಡಿ. ಕೇಳಿದರೆ, ಬೆಲೆಯ ಮಾತು ತೆಗೆದವರು ನೀವೇ ಅಂತ ಅವರು ನಾಳೆ ತೋರಿಸುತ್ತಾರೆ.